ಸಂಜೀವಪ್ಪನ ಆನರ್ಸು

ದೊಡ್ಡಬೆಳವಂಗಲದ ಹತ್ತಿರದ ಕಲ್ಲುಕುಂಟೆಯ ಸಂಜೀವಪ್ಪನಿಗೆ ಭಗವಂತ ಎತ್ತರ ಕೊಟ್ಟಿದ್ದ, ಬಣ್ಣ ಕೊಟ್ಟಿದ್ದ, ತಲೆಯೊಳಗೆ ತಕ್ಕಮಟ್ಟಿಗೆ ಬುದ್ಧಿಯನ್ನೂ ಇಟ್ಟಿದ್ದ. ಆದರೆ 'ಇಲ್ಲ' ಎನ್ನುವ ಒಂದು ಮಾತನ್ನು ಮಾತ್ರ ಅವನ ಬಾಯಿಗೆ ಹಾಕುವುದನ್ನು ಮರೆತುಬಿಟ್ಟಿದ್ದ. ಯಾರು ಏನು ಕೇಳಿದರೂ ಅವನು 'ಹೂಂ' ಎನ್ನುತ್ತಿದ್ದ. ಕೇಳಿದವರು ಷರಾಯಿ ಹಾಕಿದವರಾಗಿದ್ದರೆ 'ಹೂಂ ಸ್ವಾಮಿ' ಎನ್ನುತ್ತಿದ್ದ. ಒಮ್ಮೆ ದೊಡ್ಡಬಳ್ಳಾಪುರದಲ್ಲಿ ಕ್ಷೌರದವನು ಕತ್ತಿ ಮಸೆಯುತ್ತಾ "ಮೀಸೆ ತೆಗ್ದುಬಿಡ್ಲಾ?" ಎಂದು ಸುಮ್ಮನೆ ಮಾತಿಗೆ ಕೇಳಿದ. ಕಷ್ಟಪಟ್ಟು ಬೆಳೆಸಿದ ಮೀಸೆ. ಸಂಜೀವಪ್ಪ "ಹೂಂ" ಎಂದ. ಆಮೇಲೆ ಎಷ್ಟೋ ದಿನ ನೆಗಡಿಯಾದವನ ಹಾಗೆ ಮೂಗಿನ ಕೆಳಗೆ ಟವಲು ಹಿಡಿದುಕೊಂಡೇ ಊರಲ್ಲಿ ಓಡಾಡಿದ.

ಅಪ್ಪ ಅಮ್ಮ ಇಬ್ಬರೂ ಅವನು ಚಿಕ್ಕವನಾಗಿದ್ದಾಗಲೇ ಪ್ಲೇಗಿನಲ್ಲಿ ಹೋಗಿದ್ದರು. ಸಾಕಿದವಳು ಸೋದರತ್ತೆ ಅಶ್ವತ್ಥಮ್ಮ. ಅದೇ ಊರಿಗೆ ಕೊಟ್ಟಿದ್ದ ಹೆಣ್ಣು, ಮಕ್ಕಳಿಲ್ಲದ ವಿಧವೆ. ಗಂಡ ಬಿಟ್ಟುಹೋದದ್ದು ಕೆರೆಯ ಏರಿಯಾಚೆಗಿನ ಕೆಂಪುಮಣ್ಣಿನ ಹೊಲ. ಆ ಹೊಲಕ್ಕೆ ಮೈದುನ ಬೈರಪ್ಪ ಪ್ರತಿ ಮುಂಗಾರಿಗೂ ತನ್ನ ಎತ್ತು ಕಟ್ಟಿಕೊಂಡು ಬಂದು ಇಳಿಯುತ್ತಿದ್ದ. "ನಾವು ಅಣ್ಣತಮ್ಮ ಭಾಗವೇ ಆಗಿರ್ಲಿಲ್ಲ ಅತ್ತಿಗೆ. ಅಣ್ಣಂದೆಲ್ಲಾ ನಂದೇ" ಎನ್ನುತ್ತಿದ್ದ. ಭಾಗವಾದದ್ದು ಊರಿಗೆಲ್ಲ ಗೊತ್ತಿತ್ತು. ಆವತ್ತು ಎರಡೂ ಮನೆಯಲ್ಲಿ ಒಬ್ಬಟ್ಟಿನ ಊಟ ಮಾಡಿದವರೇ ಎಲ್ಲರೂ. ಆದರೆ ಬೈರಪ್ಪನ ದನಿಯೂ ದೊಡ್ಡದು, ಎತ್ತುಗಳ ಕೊಂಬೂ ದೊಡ್ಡವು. ಅವುಗಳ ಎದುರಿಗೆ ನಿಂತಾಗ ಜನಕ್ಕೆ ಒಬ್ಬಟ್ಟಿನ ರುಚಿ ಮರೆತುಹೋಗುತ್ತಿತ್ತು.

ಹೀಗಾಗಿ ಅಶ್ವತ್ಥಮ್ಮ ಒಂದು ತೀರ್ಮಾನ ಮಾಡಿದಳು. ಸಂಜೀವನನ್ನು ವಕೀಲನನ್ನಾಗಿ ಮಾಡುವುದು. ಯಾರೋ ಅವಳಿಗೆ, ದೊಡ್ಡ ವಕೀಲರೆಲ್ಲ ಮೊದಲು ಆನರ್ಸ್ ಅಂತ ಓದುತ್ತಾರೆ ಎಂದು ಹೇಳಿದ್ದರು. ಅವತ್ತಿನಿಂದ ಅವಳ ಬಾಯಲ್ಲಿ ಆನರ್ಸೇ ಆನರ್ಸು. ಸಂಜೀವಪ್ಪ ಇಂಟರ್‌ಮೀಡಿಯೆಟ್ ಮುಗಿಸಿದ. ಅದರಲ್ಲಿ ಅವನು ಓದಿದ್ದು ಸೈನ್ಸು. ವಕೀಲನಾಗುವವನಿಗೆ ಸೈನ್ಸೇಕೆ ಎಂದು ಕೇಳಬೇಡಿ. ಅಲ್ಲಿಯೂ ಯಾರೋ ಏನೋ ಕೇಳಿದ್ದರು, ಇವನು ಏನು ಹೇಳಿರಬಹುದೋ ನೀವೇ ಊಹಿಸಿಕೊಳ್ಳಿ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಆನರ್ಸ್ ಸೇರಲು ಬೆಂಗಳೂರಿಗೆ ಹೊರಟ. ಅಲ್ಲಿ ದೊಡ್ಡ ಕಟ್ಟಡವೊಂದರ ಮುಂದೆ ಸಾಲು ಸಾಲು ಹುಡುಗರು ನಿಂತಿದ್ದರು. ಸಂಜೀವಪ್ಪ ಪೇಟ ಸುತ್ತಿದ್ದ ಜವಾನನನ್ನು "ಆನರ್ಸ್‌ಗೆ ಎಲ್ಲಿ ಸ್ವಾಮಿ?" ಎಂದು ಕೇಳಿದ. ಜವಾನ ಎಲೆಯಡಿಕೆ ತುಂಬಿದ ಬಾಯಿ ತೆರೆಯಲಾಗದೆ ಗದ್ದದಿಂದ ಒಂದು ದಿಕ್ಕು ತೋರಿಸಿದ. ಆ ಗದ್ದ ತೋರಿಸಿದ ಸಾಲು ಉಳಿದವುಗಳಿಗಿಂತ ಚಿಕ್ಕದಾಗಿತ್ತು. ಸಂಜೀವಪ್ಪನಿಗೆ ತನ್ನ ಅದೃಷ್ಟ ಕಂಡು ಖುಷಿಯಾಯಿತು.

ಗುಮಾಸ್ತರು ತಲೆ ಎತ್ತದೆ "ಆನರ್ಸಾ?" ಎಂದರು.

"ಹೂಂ ಸ್ವಾಮಿ."

"ಅಗ್ರಿಕಲ್ಚರಾ?"

ಅಪ್ಪ ಏನು ಮಾಡುತ್ತಿದ್ದ ಎಂದು ಕೇಳುತ್ತಿದ್ದಾರೆ ಎಂದುಕೊಂಡ ಸಂಜೀವಪ್ಪ. ತೀರಿಹೋದ ಅಪ್ಪನ ನೆನಪಾಯಿತು. ಕಣ್ಣೊರೆಸಿಕೊಂಡು "ಹೂಂ ಸ್ವಾಮಿ" ಎಂದ. ಗುಮಾಸ್ತರು ಆಗ ತಲೆ ಎತ್ತಿ ನೋಡಿದರು. ಬೇಸಾಯದ ತರಗತಿಗೆ ಇಷ್ಟು ಭಕ್ತಿಯಿಂದ ಅಳುತ್ತಾ ಸೇರುವ ಹುಡುಗನನ್ನು ಅವರು ತಮ್ಮ ಸರ್ವೀಸಿನಲ್ಲೇ ನೋಡಿರಲಿಲ್ಲ. ಮರುಮಾತಿಲ್ಲದೆ ಸೇರಿಸಿಕೊಂಡರು.

ಕಾಲೇಜು ಶುರುವಾದ ದಿನ ಇವನ ಕೈಗೆ ಗುದ್ದಲಿ ಕೊಟ್ಟರು. ಜಮೀನಿನ ವ್ಯಾಜ್ಯ ತಿಳಿಯಬೇಕಾದರೆ ಮೊದಲು ಜಮೀನು ತಿಳಿಯಬೇಕು ತಾನೆ, ದೊಡ್ಡವರು ಯೋಚಿಸಿಯೇ ಮಾಡಿದ್ದಾರೆ ಎಂದುಕೊಂಡು ಅಗೆದ. ಆಮೇಲೆ ಹಸುವಿನ ಹೊಟ್ಟೆಯೊಳಗಿನ ಭಾಗಗಳನ್ನು ಬರೆಸಿದರು. ಇದು ಯಾವ ಕಾನೂನಿಗೆ ಬರುತ್ತದೆ ಎಂದು ಸ್ವಲ್ಪ ಗಾಬರಿಯಾಯಿತು. ಗೊಬ್ಬರದ ಪಾಠ ಬಂದ ದಿನ ತಡೆಯಲಾರದೆ ಎದ್ದು ನಿಂತು, "ಸಾರ್, ಪೀನಲ್ ಕೋಡು ಯಾವಾಗ ಶುರುವಾಗುತ್ತೆ?" ಎಂದು ಕೇಳಿದ.

ಪ್ರೊಫೆಸರರು ಕನ್ನಡಕದ ಮೇಲಿನಿಂದ ನೋಡಿ, "ತಡವಾಗಿ ಬರೋರಿಗೆ ಇವತ್ತಿನಿಂದಲೇ" ಎಂದರು.

ಆವತ್ತು ಸಂಜೆ ಹಾಸ್ಟೆಲಿನ ಪಕ್ಕದ ಮಂಚದವನು ಎಲ್ಲ ಬಿಡಿಸಿ ಹೇಳಿದ. ಸಂಜೀವಪ್ಪ ತಾನು ಸೇರಿರುವುದು ಬೇಸಾಯದ ಆನರ್ಸು ಎಂದು ತಿಳಿದುಕೊಂಡದ್ದು ಹೀಗೆ. ಅಷ್ಟು ಹೊತ್ತಿಗೆ ಉಳಿದ ಕಾಲೇಜುಗಳ ಬಾಗಿಲು ಮುಚ್ಚಿಹೋಗಿತ್ತು. ಅತ್ತೆಗೆ ಹೇಳಿಬಿಡಬೇಕು ಎಂದು ಶನಿವಾರವೇ ಊರಿಗೆ ಹೊರಟ.

ಇದ್ದಿಲು ಗ್ಯಾಸಿನ ಬಸ್ಸು ಕೆಮ್ಮಿ ಕೆಮ್ಮಿ ಊರು ಮುಟ್ಟುವಾಗ ಅರಳಿಕಟ್ಟೆಯಲ್ಲಿ ಪಟೇಲ ದೊಡ್ಡಮುನಿಯಪ್ಪನವರು ಕೂತಿದ್ದರು. ಹಿಂದೆಂದೂ ಅವನನ್ನು ಕಣ್ಣೆತ್ತಿ ನೋಡದವರು ಅವತ್ತು ಎದ್ದು ನಿಂತರು.

"ಬನ್ನಿ ವಕೀಲ್ರೇ. ನೋಡಿ, ನಮ್ಮ ಮೇಕೆ ಶಾನುಭೋಗರ ಹಿತ್ತಲಿಗೆ ನುಗ್ಗಿ ಬದನೆ ತಿಂದ್ಬಿಡ್ತು. ಈಗ ಕಾನೂನು ಪ್ರಕಾರ ತಪ್ಪು ಮೇಕೇದಾ, ಬೇಲಿ ಹಾಕ್ದೇ ಇರೋರ್ದಾ?"

"ಹೂಂ" ಎಂದ ಸಂಜೀವಪ್ಪ.

ಪಟೇಲರು ಅದನ್ನು ಒಂದು ಗಳಿಗೆ ಯೋಚಿಸಿ, "ಇಬ್ಬರದ್ದೂ ಅಂತೀರಿ. ನ್ಯಾಯ ಅಂದ್ರೆ ಹಿಂಗಿರ್ಬೇಕು" ಎಂದು ತಲೆದೂಗಿದರು.

ಮನೆಯಲ್ಲಿ ಅತ್ತೆ ಕಾಲಿಗೆ ನೀರು ಕೊಟ್ಟಳು. ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಎದುರಿಗೆ ಕೂತು ಬೀಸಣಿಗೆ ಹಿಡಿದಳು.

"ಸೇರ್ಕೊಂಡ್ಯಾ ಮಗ?"

"ಹೂಂ ಅತ್ತೆ."

"ಆನರ್ಸೇನಾ?"

"ಹೂಂ."

"ವಕೀಲ್ರುದೇ ತಾನೆ?"

ಸಂಜೀವಪ್ಪ ಬಾಯಿ ತೆರೆದ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ತುದಿನಾಲಿಗೆಯವರೆಗೂ ಬಂದವು. ಅತ್ತೆಯ ಮುಖ ನೋಡಿದ. ಎಲ್ಲ ಮಾತೂ ಮುದ್ದೆಯ ಜೊತೆ ಒಳಗೆ ಹೋಗಿ, ಹೊರಗೆ ಬಂದದ್ದು ಅದೇ ಹಳೆಯ ಅಕ್ಷರ. ಅಲ್ಲಿಯವರೆಗೆ ಅವನ 'ಹೂಂ' ಬರೀ ಸಂಕೋಚವಾಗಿತ್ತು. ಅವತ್ತು ಅದು ಸುಳ್ಳಾಯಿತು.

ವರ್ಷ ಕಳೆಯಿತು. ಒಂದು ವಿಚಿತ್ರವೂ ನಡೆಯಿತು: ಸಂಜೀವಪ್ಪನಿಗೆ ಆ ಓದು ಹಿಡಿಸಿಬಿಟ್ಟಿತು. ರಾಗಿಯ ತೆನೆಯಲ್ಲೂ ಹೂ ಇರುತ್ತದೆ, ಅದು ಬೆಳಗಿನ ಜಾವ ಅರಳುತ್ತದೆ ಎಂದು ತಿಳಿದ ದಿನ ಅವನಿಗೆ ನಿದ್ದೆ ಬರಲಿಲ್ಲ. ಹುಟ್ಟಿದಾಗಿನಿಂದ ಉಂಡ ರಾಗಿ, ಅದರ ಹೂವನ್ನೇ ನೋಡಿರಲಿಲ್ಲವಲ್ಲ! ಇದನ್ನು ಅತ್ತೆಗೆ ಹೇಳಬೇಕೆಂದು ಎಷ್ಟು ಆಸೆ. ಆದರೆ ವಕೀಲ ಓದುವವನಿಗೆ ರಾಗಿಯ ಹೂವಿನ ಸುದ್ದಿ ಎಲ್ಲಿಂದ ಬಂತು ಎಂದರೆ?

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷದ ಮುಂಗಾರು. ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದ ಸಂಜೀವಪ್ಪ ಜಗಲಿಯಲ್ಲಿ ಮಲಗಿದ್ದ. ಅಶ್ವತ್ಥಮ್ಮ ಓಡುತ್ತಾ ಬಂದಳು.

"ಏಳೋ ಸಂಜೀವ! ಬೈರಪ್ಪ ಹೊಲಕ್ಕೆ ಎತ್ತು ಹೂಡ್ಕೊಂಡು ಇಳಿದವ್ನೆ. ಬಾ, ಕಾನೂನು ಹೇಳು ಬಾ!"

ಅವನ ರೆಟ್ಟೆ ಹಿಡಿದು ಎಳೆದುಕೊಂಡೇ ಹೋದಳು. ಹೊಲದ ಬದುವಿನ ಮೇಲೆ ಅರ್ಧ ಊರು ನಿಂತಿತ್ತು. ಬೈರಪ್ಪ ಹೊಲದ ನಡುವೆ ನೇಗಿಲಿನ ಮೇಳಿ ಹಿಡಿದು ನಿಂತಿದ್ದ, ತಲೆಗೆ ಕೆಂಪು ವಸ್ತ್ರ ಸುತ್ತಿದ್ದ.

"ಏನೋ ಸಂಜೀವ? ಏನಂತೆ ನಿನ್ ಕಾನೂನು? ಹೇಳು ಕೇಳೋಣ" ಎಂದು ಗುಡುಗಿದ.

ಊರೆಲ್ಲ ಸಂಜೀವಪ್ಪನ ಕಡೆ ತಿರುಗಿತು. ಏನಾದರೂ ಹೇಳಬೇಕಿತ್ತು. ಹಿಂದಿನ ವಾರವಷ್ಟೇ ಪರೀಕ್ಷೆಗೆ ಉರು ಹೊಡೆದ ಹೆಸರುಗಳು ಬಿಟ್ಟರೆ ಅವನ ತಲೆಯಲ್ಲಿ ಬೇರೇನೂ ಇರಲಿಲ್ಲ. ಕಣ್ಣು ಮುಚ್ಚಿ, ಬೆರಳೆತ್ತಿ, ಕಿರುಚಿದ:

"ಎಲ್ಯೂಸಿನ್ ಕೊರಕಾನಾ! ಒರೈಜಾ ಸಟೈವಾ! ರಿಸಿನಸ್ ಕಮ್ಯುನಿಸ್! ಡಾಲಿಕೋಸ್ ಲ್ಯಾಬ್ ಲ್ಯಾಬ್!"

ರಾಗಿ, ಭತ್ತ, ಹರಳು, ಅವರೆ ಇವುಗಳಿಗೆ ವಿದ್ವಾಂಸರು ಇಟ್ಟಿರುವ ನಾಮಧೇಯಗಳು ಅಷ್ಟು ಜೋರಾಗಿ ಆ ಸೀಮೆಯಲ್ಲಿ ಯಾವತ್ತೂ ಕೇಳಿರಲಿಲ್ಲ. ಎತ್ತುಗಳು ಕಿವಿ ನಿಮಿರಿಸಿದವು. ಬೈರಪ್ಪ ಮೇಳಿ ಬಿಟ್ಟ.

"ಪಟೇಲ್ರೇ, ಏನಂದ ಇವ್ನು?"

ಪಟೇಲರು ತಮಗೆ ಗೊತ್ತಿಲ್ಲ ಎಂದು ಹೇಳುವ ಜಾತಿಯವರಲ್ಲ. ಗಂಭೀರವಾಗಿ, "ಸೆಕ್ಷನ್ನುಗಳು ಕಣಪ್ಪ. ಮೊದಲ್ನೇವೆಲ್ಲ ಜುಲ್ಮಾನೆ ಇರ್ಬೇಕು. ಆ ಕೊನೇದು, ಲ್ಯಾಬ್ ಲ್ಯಾಬ್ ಅಂತ ಎರಡು ಸಲ ಅಂದ್ನಲ್ಲ, ಅದು ಜೈಲೇ" ಎಂದರು.

ಬೈರಪ್ಪ ಎತ್ತು ಬಿಚ್ಚಿಕೊಂಡು ಹೋದ. ಆ ವರ್ಷ ಹೊಲಕ್ಕೆ ಬಿದ್ದದ್ದು ಅಶ್ವತ್ಥಮ್ಮನ ಬಿತ್ತನೆ. ಸಂಜೀವಪ್ಪನನ್ನು ಊರು ತಮಟೆಯೊಂದಿಲ್ಲದೆ ಮೆರವಣಿಗೆ ಮಾಡಿಕೊಂಡು ಮನೆಗೆ ತಂದು ಬಿಟ್ಟಿತು. ಅತ್ತೆ ದೃಷ್ಟಿ ತೆಗೆದಳು. ಅವನು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಇಷ್ಟು ವಾದ ಮಾಡಿದ ಮೇಲೆ ಆಯಾಸ ಆಗದೆ ಇರುತ್ತದೆಯೇ ಎಂದು ಯಾರೂ ಎಬ್ಬಿಸಲಿಲ್ಲ.

ಕಥೆ ಇಲ್ಲಿಗೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ನಿಲ್ಲಲಿಲ್ಲ.

ದೀಪಾವಳಿಗೆ ಸಂಜೀವಪ್ಪ ಊರಲ್ಲಿದ್ದಾಗ ಪಟೇಲರು ಬೈರಪ್ಪನನ್ನು ಕರೆದುಕೊಂಡು ಮನೆಗೆ ಬಂದರು. ಬೈರಪ್ಪ ಜಗಲಿಯ ತುದಿಯಲ್ಲಿ ಕೂತು ನೆಲ ನೋಡುತ್ತಿದ್ದ.

"ನೋಡಮ್ಮ ಅಶ್ವತ್ಥಮ್ಮ" ಎಂದರು ಪಟೇಲರು, "ಬೈರಪ್ಪ ಬುದ್ಧಿ ತಂದ್ಕೊಂಡವ್ನೆ. ಹೊಲದಲ್ಲಿ ಅರ್ಧ ನಿಂಗೆ. ಕೆರೆ ಕಡೆ ಅರ್ಧ, ಒಳ್ಳೇ ಮಣ್ಣು. ಪತ್ರ ಮಾಡ್ಕೊಟ್ಬಿಡ್ತಾನೆ. ರಾಜಿ ಆಗ್ಬಿಡಿ."

ಅಶ್ವತ್ಥಮ್ಮ ಬಾಗಿಲ ಹಿಂದೆ ನಿಂತಿದ್ದಳು. ಸೆರಗು ಬಿಗಿ ಮಾಡಿಕೊಂಡು ಹೊರಗೆ ಬಂದಳು. ಅಷ್ಟು ವರ್ಷ ಆ ಹೊಲದ ಒಂದು ಮೂಲೆ ಸಿಕ್ಕಿದರೂ ಸಾಕು ಎನ್ನುತ್ತಿದ್ದವಳು. ಈಗ ತಿರುಗಿ ಸಂಜೀವಪ್ಪನ ಮುಖ ನೋಡಿದಳು.

"ಅರ್ಧ ಯಾಕೆ? ಕೋರ್ಟಿಗೆ ಹೋದ್ರೆ ಪೂರ್ತಿ ಗೆದ್ದುಕೊಡಲ್ವಾ ನೀನು?"

ಪಟೇಲರು ನೋಡಿದರು. ಬೈರಪ್ಪನೂ ತಲೆ ಎತ್ತಿ ಹೆದರಿಕೆಯಿಂದ ನೋಡಿದ. ಸಂಜೀವಪ್ಪನಿಗೆ ಅರ್ಧ ತಗೋ ಅತ್ತೆ, ಅರ್ಧ ತಗೋ ಎಂದು ಕೂಗಬೇಕೆನಿಸಿತು. ಹಾಗೆ ಕೂಗಿದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂಬುದನ್ನು ಇವರ ಮುಂದೆ ಹೇಳುವುದು ಹೇಗೆ?

"ಹೂಂ" ಎಂದ.

"ಕೇಳುದ್ರಲ್ಲ" ಎಂದಳು ಅಶ್ವತ್ಥಮ್ಮ. "ಹೋಗಿ ಬನ್ನಿ."

ಬೈರಪ್ಪ ಎದ್ದು ಹೋದ. ಹೆದರಿದ ಮನುಷ್ಯ ಏನು ಮಾಡುತ್ತಾನೋ ಅದನ್ನೇ ಮಾಡಿದ. ದೊಡ್ಡಬಳ್ಳಾಪುರಕ್ಕೆ ಹೋಗಿ, ನಿಜವಾದ ವಕೀಲರೊಬ್ಬರನ್ನು ಹಿಡಿದು, ತಾನೇ ಮೊದಲು ದಾವೆ ಹಾಕಿದ.

ಸಮನ್ಸು ಬಂದಾಗ ಅಶ್ವತ್ಥಮ್ಮನಿಗೆ ಹಬ್ಬ. ಸಂಜೀವಪ್ಪ, ಇನ್ನೂ ಓದು ಮುಗಿದಿಲ್ಲ, ಬೇರೆ ವಕೀಲರನ್ನು ನೋಡೋಣ ಎಂದು ಅಂಗಲಾಚಿದ. ಅವನ ಬದುಕಿನಲ್ಲೇ ಮೊದಲ ಬಾರಿಗೆ ಯಾರಿಗೋ ಬೇಡ ಎಂದು ಹೇಳುತ್ತಿದ್ದ, ಅತ್ತೆ ಕೇಳಲಿಲ್ಲ.

"ಪೂರ್ತಿ ಕಲಿತೋರು ಪೂರ್ತಿ ವಾದ ಮಾಡ್ತಾರೆ. ನೀನು ಎಷ್ಟು ಕಲ್ತಿದ್ದೀಯೋ ಅಷ್ಟು ಮಾಡು. ನಿಮ್ಮ ಮಾವನ ಹೆಸರು ಕೋರ್ಟಲ್ಲಿ ನಿನ್ನ ಬಾಯಲ್ಲೇ ಬರ್ಲಿ ಕಣೋ. ಪರದೇಶಿ ಬಾಯಲ್ಲಿ ಬೇಡ" ಎಂದಳು. ಅವನ ಹಳೆಯ ಅಂಗಿಯ ಅಳತೆ ಕೊಟ್ಟು ದರ್ಜಿಯ ಹತ್ತಿರ ಕರೀ ಕೋಟೊಂದನ್ನೂ ಹೊಲಿಸಿಟ್ಟಿದ್ದಳು. ತೋಳು ಸ್ವಲ್ಪ ಗಿಡ್ಡವಾಗಿತ್ತು.

ಮುನಸೀಫ್ ಕೋರ್ಟಿಗೆ ಕಲ್ಲುಕುಂಟೆಯಿಂದ ಎರಡು ಗಾಡಿ ಜನ ಬಂದಿದ್ದರು. ಹೆಸರು ಕೂಗಿದಾಗ ಅಶ್ವತ್ಥಮ್ಮ ಅವನ ಬೆನ್ನು ತಟ್ಟಿ ಮುಂದಕ್ಕೆ ನೂಕಿದಳು. ನ್ಯಾಯಾಧೀಶರು ವಯಸ್ಸಾದವರು, ಮೃದು ಸ್ವಭಾವದವರು.

"ನೀವು ಪ್ರತಿವಾದಿ ಕಡೆಯವರೇ? ಯಾವ ವರ್ಷ ವಕೀಲಿ ಸನ್ನದು ತಗೊಂಡಿರಿ?"

"ಸನ್ನದು ತಗೊಂಡಿಲ್ಲ ಮಹಾಸ್ವಾಮಿ."

"ಮತ್ತೆ ಈ ಕೋಟು?"

"ನಮ್ಮತ್ತೆ ಹೊಲಿಸಿದ್ದು ಮಹಾಸ್ವಾಮಿ."

"ಕಾನೂನು ಓದಿದ್ದೀರಾ?"

ಅದೊಂದು ಪ್ರಶ್ನೆಗೆ ಅಲ್ಲಿ 'ಹೂಂ' ಅನ್ನಲಾಗಲಿಲ್ಲ. ಕಟಕಟೆ, ಬೂಟು ಹಾಕಿದ ಪೊಲೀಸು, ಮೇಲೆ ತಿರುಗದ ಪಂಖ ಎಲ್ಲವೂ ಅವನನ್ನೇ ನೋಡುತ್ತಿದ್ದವು.

"ಇಲ್ಲ ಮಹಾಸ್ವಾಮಿ. ಬೇಸಾಯ."

"ಬೇಸಾಯ ಮಾಡ್ತಿದ್ದೀರಾ?"

"ಇಲ್ಲ ಮಹಾಸ್ವಾಮಿ, ಓದ್ತಿದ್ದೀನಿ. ಆನರ್ಸು."

ಬೈರಪ್ಪನ ವಕೀಲರು ಎದ್ದು ನಿಂತು, "ಪ್ರತಿವಾದಿಗಳು ವಾದಕ್ಕೆ ಬಂದಿಲ್ಲ, ಬಿತ್ತನೆಗೆ ಬಂದಿದ್ದಾರೆ ಅಂತ ಕಾಣುತ್ತೆ" ಎಂದರು. ಕೋರ್ಟಿಗೆ ಕೋರ್ಟೇ ನಕ್ಕಿತು. ಪಟೇಲರು ನಕ್ಕರು. ಬೈರಪ್ಪ ಮೊದಲು ಅರ್ಥವಾಗದೆ ನಕ್ಕ, ಆಮೇಲೆ ಅರ್ಥವಾಗಿ ಇನ್ನೂ ಜೋರಾಗಿ ನಕ್ಕ. ಹಿಂದೆ ನಿಂತಿದ್ದ ಅಶ್ವತ್ಥಮ್ಮನಿಗೆ ಮಾತು ಸರಿಯಾಗಿ ಕೇಳಿಸಿರಲಿಲ್ಲ. ಸಂಜೀವ ಏನೋ ಜಾಣತನದ ಮಾತು ಹೇಳಿರಬೇಕು ಎಂದುಕೊಂಡು ಅವಳೂ ಸೆರಗು ಬಾಯಿಗೆ ಹಿಡಿದು, ಹೆಮ್ಮೆಯಿಂದ ನಕ್ಕಳು.

ನ್ಯಾಯಾಧೀಶರು ನಗಲಿಲ್ಲ. ವಕೀಲರನ್ನು ಗೊತ್ತುಮಾಡಿಕೊಂಡು ಬನ್ನಿ ಎಂದು ಮುಂದಿನ ತಾರೀಕು ಕೊಟ್ಟರು.

ಹೊರಗೆ ಹುಣಸೆಮರದ ಕೆಳಗೆ ಅಶ್ವತ್ಥಮ್ಮ ಕೇಳಿದಳು: "ಯಾಕೋ ಎಲ್ಲಾ ಅಷ್ಟು ನಕ್ರು? ಏನಂದೆ?"

ಸಂಜೀವಪ್ಪ ಹೇಳಿದ. ಜವಾನನ ಗದ್ದದಿಂದ ಹಿಡಿದು ಎಲ್ಲವನ್ನೂ ಹೇಳಿದ. ಕೋಟಿನ ಗುಂಡಿ ತಿರುವುತ್ತಾ ಹೇಳಿದ, ಕೊನೆಗೆ ಗುಂಡಿ ಕೈಗೆ ಕಿತ್ತುಬಂತು. ಅವಳು ಅಡ್ಡ ಮಾತಾಡದೆ ಕೇಳಿದಳು. ಬೈಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಎಲ್ಲ ಮುಗಿದ ಮೇಲೆ ದೂರ ಎಲ್ಲೋ ನೋಡುತ್ತಾ ಒಂದೇ ಮಾತು ಹೇಳಿದಳು:

"ಅವತ್ತೇ ಹೇಳಿದ್ರೆ ಅರ್ಧನಾದ್ರೂ ತಗೊತಿದ್ನಲ್ಲೋ ಮಗ."

ಆಮೇಲೆ ಮಡಿಲಿನಿಂದ ಬುತ್ತಿ ಬಿಚ್ಚಿ, ಬೆಳಗ್ಗೆ ಕಟ್ಟಿ ತಂದಿದ್ದ ರೊಟ್ಟಿಯನ್ನು ಅವನ ಕೈಗಿಟ್ಟಳು. ಸಂಜೀವಪ್ಪ ತಿಂದ. ಅತ್ತುಕೊಂಡೇ ತಿಂದ.

ಬೈರಪ್ಪ ಆಡಿದ್ದ ಅರ್ಧದ ಮಾತು ಅವತ್ತೇ ಗಾಳಿಗೆ ಹೋಯಿತು. ಸಂಜೀವಪ್ಪ ಬೇರೆ ವಕೀಲರನ್ನು ಗೊತ್ತು ಮಾಡಿ ಬಂದ; ಅಶ್ವತ್ಥಮ್ಮ ಮುಂದಿನ ತಾರೀಕಿಗೆ ಹೊರಡಲೇ ಇಲ್ಲ. ಅದರ ಮುಂದಿನದಕ್ಕೂ ಹೊರಡಲಿಲ್ಲ. ಆ ಬಾಗಿಲು ನಾನು ಇನ್ನೊಂದು ಸಲ ತುಳಿಯಲಾರೆ ಎಂದಳು. ಅವಳು ತಾನು ನಕ್ಕದ್ದನ್ನು ಮರೆತಿರಲಿಲ್ಲ ಎಂದು ಕಾಣುತ್ತದೆ. ಭಾಗವಾದದ್ದಕ್ಕೆ ಅವಳ ಸಾಕ್ಷಿಯೇ ಇಲ್ಲದೆ ಕೊನೆಗೆ ತೀರ್ಪು ಬೈರಪ್ಪನ ಕಡೆ ಆಯಿತು.

ಊರಿನ ಬಾಯಿಗೆ ಆ ವರ್ಷ ಬೇರೆ ಮೇವು ಬೇಕಾಗಲಿಲ್ಲ. "ನೇಗಿಲು ಹಿಡಿಯಾಕೆ ಬೆಂಗಳೂರಿಗೆ ಹೋಗವ್ನಂತೆ" ಎಂದು ಬಾವಿಕಟ್ಟೆಯಲ್ಲಿ ನಗುತ್ತಿದ್ದರು. ಪಟೇಲರು ಬಂದು, ಮೇಕೆಯ ತೀರ್ಪನ್ನು ತಾವು ಒಪ್ಪಿಕೊಂಡದ್ದು ಮರ್ಯಾದೆಗೆ ಮಾತ್ರ ಎಂದು ಹೇಳಿ ಹೋದರು. ಸಂಜೀವಪ್ಪ ಕಾಲೇಜಿನಿಂದ ಟ್ರಂಕು ಎತ್ತಿಕೊಂಡು ಬಂದುಬಿಟ್ಟ. ಅಪ್ಪನ ಕಾಲದ ಒಂದು ತುಂಡು ಹೊಲವಿತ್ತು, ಅದನ್ನೇ ಮಾಡಿಕೊಂಡು ಇರುತ್ತೇನೆ, ಓದು ಸಾಕು ಎಂದ.

ಅಶ್ವತ್ಥಮ್ಮ ಟ್ರಂಕನ್ನು ಒಳಗೆ ಇಡಲು ಬಿಡಲಿಲ್ಲ.

"ಒಂದು ಹೊಲ ತಿಂದಿದ್ದೀಯಲ್ಲ ಆ ಓದಿಗೆ. ಅರ್ಧಕ್ಕೆ ಬಿಟ್ಟು ಬಂದ್ರೆ ನಾನು ಯಾವುದಕ್ಕೆ ಕಳ್ಕೊಂಡೆ ಹೇಳು? ಹೋಗು. ಮುಗಿಸ್ಕೊಂಡು ಬಾ."

ಅವಳು ಅವನಿಗೆ ಗಡುಸಾಗಿ ಆಡಿದ ಮಾತು ಅದೊಂದೇ. ಸಂಜೀವಪ್ಪ ಹೋದ. ಆ ಕೊನೆಯ ವರ್ಷ ಅವನು ಹಾಸ್ಟೆಲಿನಲ್ಲಿ ಯಾರೊಡನೆಯೂ ಸೇರಲಿಲ್ಲ, ಸಿನಿಮಾಕ್ಕೆ ಹೋಗಲಿಲ್ಲ. ಪರೀಕ್ಷೆ ಬಂತು, ಹೋಯಿತು. ಮೊದಲ ದರ್ಜೆಯಲ್ಲಿ ಆನರ್ಸ್ ಪಾಸಾದ. ಸುದ್ದಿ ಹೇಳಲು ಊರಿಗೆ ಬಂದಾಗ ಅರಳಿಕಟ್ಟೆಯಲ್ಲಿ ಕೂತವರು ಯಾರೂ ಏಳಲಿಲ್ಲ. ಅತ್ತೆ ಒಲೆಯ ಮುಂದೆ ಕೂತಿದ್ದಳು. ತುಂಬ ಸೊರಗಿದ್ದಳು.

"ಪಾಸಾಯ್ತು ಅತ್ತೆ. ಮೊದಲ್ನೇ ದರ್ಜೆ."

"ಒಳ್ಳೇದಾಯ್ತು" ಎಂದಳು. ಬೆಂಕಿ ಸರಿಮಾಡುತ್ತಾ, "ಏನೇನು ಹೇಳ್ಕೊಟ್ರು?" ಎಂದು ಕೇಳಿದಳು. ಅಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಸಂಜೀವಪ್ಪ ರಾಗಿಯ ಹೂವಿನ ವಿಷಯ ಹೇಳಿದ. ಅವಳು ಊದುಕೊಳವೆ ಕೆಳಗಿಟ್ಟು ಪೂರ್ತಿ ಕೇಳಿದಳು.

ಆ ಆಗಸ್ಟ್ ತಿಂಗಳು ಮೋಡ ಬಿಡದೆ ಕವಿದಿತ್ತು. ಒಂದು ಬೆಳಗ್ಗೆ ಬೈರಪ್ಪ ಬಾಗಿಲಿಗೆ ಬಂದು ನಿಂತ. ಒಳಗೆ ಬರಲೂ ಆಗದೆ, ಹೋಗಲೂ ಆಗದೆ ಕಂಬ ಸವರುತ್ತಿದ್ದ.

"ಅತ್ತಿಗೆ, ಸಂಜೀವ ಅವ್ನಾ? ಏರಿ ಆಚೆ ಹೊಲದಾಗೆ ರಾಗಿ ಎಲೆಗೆ ಏನೋ ಚುಕ್ಕೆ ಬಿದ್ದದೆ. ಬೆಂಕಿ ತಾಕ್ದಂಗೆ ಸುಡ್ತಾ ಬರ್ತೈತೆ. ಅದೇನೋ ಓದವ್ನಲ್ಲ, ಒಂದ್ಸಲ ನೋಡಿದ್ರೆ..."

ಸಂಜೀವಪ್ಪ ಒಳಗಿನಿಂದ ಬಂದು ಸ್ಪಷ್ಟವಾಗಿ "ಇಲ್ಲ" ಎಂದ. ಕೋರ್ಟಿನ ಹೊರಗೆ ಎಂದೂ ಹೇಳದವನು ಹೇಳಿದ್ದಕ್ಕೋ ಏನೋ, ಆ ಮಾತು ಜೋರಾಗಿಯೇ ಬಂತು. ಬೈರಪ್ಪ ತಲೆ ತಗ್ಗಿಸಿದ.

"ಹೋಗಿ ನೋಡೋ" ಎಂದಳು ಅಶ್ವತ್ಥಮ್ಮ. "ಪೈರು ಯಾರ್ಗೇನು ಮಾಡ್ತು?" ಎನ್ನುತ್ತಾ ಸೆರಗು ಸುತ್ತಿಕೊಂಡು ತಾನೇ ಮುಂದಾಗಿ ಹೊರಟಳು.

ತೀರ್ಪಾದ ಮೇಲೆ ಅವಳು ಆ ಕಡೆ ತಲೆ ಹಾಕಿರಲಿಲ್ಲ. ಬದುವಿನ ಮೇಲೆ ನಿಂತಳು. ಸಂಜೀವಪ್ಪ ಹೊಲಕ್ಕಿಳಿದು ಬಗ್ಗಿ ಎಲೆ ತಿರುಗಿಸಿ ನೋಡಿದ, ಗಿಡದ ಗಂಟು ನೋಡಿದ. ಬೆಂಕಿ ರೋಗ, ಕೆಟ್ಟ ಗಿಡಗಳನ್ನೆಲ್ಲ ಬುಡಸಮೇತ ಕಿತ್ತು ಸುಡಬೇಕು, ಉಳಿದದ್ದಕ್ಕೆ ಮೈಲುತುತ್ತ, ಸುಣ್ಣ ಕಲಸಿ ಚಿಮುಕಿಸಬೇಕು ಎಂದು ಬೈರಪ್ಪನಿಗೆ ಬಿಡಿಸಿ ಹೇಳಿದ. ಬೈರಪ್ಪ ಕೈಕಟ್ಟಿ ನಿಂತು, ಒಂದೊಂದು ಮಾತಿಗೂ "ಆಯ್ತಪ್ಪ, ಆಯ್ತಪ್ಪ" ಎನ್ನುತ್ತಿದ್ದ.

ಇಬ್ಬರೂ ತಿರುಗಿ ನೋಡಿದಾಗ ಬದುವಿನ ಮೇಲೆ ಅಶ್ವತ್ಥಮ್ಮ ಇರಲಿಲ್ಲ. ಹೊಲದ ಕೆರೆ ಕಡೆಯ ಮೂಲೆಯಲ್ಲಿ, ಸೀರೆ ಎತ್ತಿ ಕಟ್ಟಿಕೊಂಡು, ಸಾಲು ಹಿಡಿದು ರೋಗದ ಗಿಡಗಳನ್ನು ಕೀಳುತ್ತಿದ್ದಳು. ಕಿತ್ತದ್ದನ್ನು ಮಣ್ಣು ಕೊಡವಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು, ಒಳ್ಳೆಯ ಗಿಡ ಅಲುಗಿದರೆ ಬುಡಕ್ಕೆ ಮಣ್ಣು ಒತ್ತುತ್ತಿದ್ದಳು.

"ಅತ್ತಿಗೆ, ಬಿಡಿ ಅತ್ತಿಗೆ, ನಾನು ಆಳು ಕರೀತೀನಿ..." ಎಂದ ಬೈರಪ್ಪ. ಅವಳಿಗೆ ಕೇಳಿಸಿತೋ ಇಲ್ಲವೋ. ಮುಂದಿನ ಗಿಡಕ್ಕೆ ಕೈ ಹಾಕಿದಳು.

ಸಾಲಿನ ಕೊನೆ ಮುಟ್ಟಿದ ಮೇಲೆ ಅವಳು ಸೊಂಟ ನೇರ ಮಾಡಿದಳು. ಮಡಿಲಿನ ಗಿಡಗಳನ್ನು ಬದುವಿನಾಚೆ ಗುಡ್ಡೆ ಹಾಕಿದಳು. ಕಾಲುವೆಗೆ ಇಳಿದು ಕೈ ತೊಳೆದುಕೊಂಡಳು. ಯಾರ ಕಡೆಗೂ ನೋಡದೆ ಏರಿ ಹತ್ತಿ ಮನೆಯ ದಾರಿ ಹಿಡಿದಳು. ಸಂಜೀವಪ್ಪ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಅವಳ ಹಿಂದೆ ನಡೆದ.